ಜೋಗಿಮಟ್ಟಿಗೆ ಇಡೀ ದಿನದ ನಡಿಗೆ: ಕಾರ್ತಿಕ ಕಳೆಯೋದರೊಳಗೆ ಹೋಗಿಬನ್ನಿ

ದುರ್ಗದ ದಾರಿ

ಎಲ್ಲರಿಗೂ ನಮಸ್ಕಾರ.

ದೀಪಾವಳಿ ಕಳೆದ ಮೇಲಿನ ಭಾನುವಾರ ನಾವು ನಾಲ್ಕು ಜನ ಚಿತ್ರದುರ್ಗದ ಪೇಟೆಯಿಂದ ಜೋಗಿಮಟ್ಟಿಯ ತುದಿಯವರೆಗೆ ನಡೆದು ಹೋಗಿ, ನಡೆದೇ ವಾಪಸ್ ಬಂದೆವು. ಗಾಡಿಯಲ್ಲಿ ಮೇಲಕ್ಕೆ, ಹತ್ತು ನಿಮಿಷ ಫೋಟೊ, ಮತ್ತೆ ಕೆಳಕ್ಕೆ ಅನ್ನುವ ಹಾಗಲ್ಲ. ಹೋಗೋಕೆ ಹತ್ತು ಕಿಲೋಮೀಟರ್, ಬರೋಕೆ ಹತ್ತು. ಅರಣ್ಯ ಇಲಾಖೆಯವರನ್ನು ಹಿಂದಿನ ದಿನವೇ ಕೇಳಿ ಅನುಮತಿ ತಗೊಂಡಿದ್ದೆವು.

ನಾನು ಹೇಳೋದು ಇಷ್ಟೇ. ಈ ಬೆಟ್ಟವನ್ನು ನಡೆದೇ ನೋಡಬೇಕು. ಅದೂ ಈಗಲೇ ನೋಡಬೇಕು.

ನಮ್ಮದು ಮಲೆನಾಡಲ್ಲ. ಅಲ್ಲಿ ಆಷಾಢದಲ್ಲಿ ಧೋ ಅಂತ ಸುರಿಯುವಾಗ ನಮ್ಮಲ್ಲಿ ಬರೀ ಗಾಳಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ದೊಡ್ಡ ಪಾಲು ಬೀಳೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಸ್ತ, ಚಿತ್ತೆ ಸರಿಯಾಗಿ ಹೊಯ್ದರೆ ಗುಡ್ಡ ಹಸಿರಾಗುತ್ತದೆ. ಆಮೇಲೆ ನಮಗೆ ಸಿಗೋದು ಕೆಲವೇ ವಾರ. ಸಂಕ್ರಾಂತಿ ಹೊತ್ತಿಗೆ ಹುಲ್ಲು ಪೂರ್ತಿ ಒಣಗಿರುತ್ತದೆ. ಶಿವರಾತ್ರಿ ಆದಮೇಲೆ ಬಿಸಿಲು, ಕಾಡ್ಗಿಚ್ಚಿನ ಭಯ. ಹಾಗಾಗಿ ಇದೇ ಹೊತ್ತು.

ಆಡುಮಲ್ಲೇಶ್ವರದ ಹತ್ತಿರ ಬರುವಾಗ ಬಿಸಿಲು ಆಗಷ್ಟೇ ಗುಡ್ಡದ ಮೇಲ್ಭಾಗಕ್ಕೆ ತಾಗಿತ್ತು. ಕೆಳಗೆ ಹಸಿರು, ಮೇಲೆ ಹೋದಂತೆ ಹುಲ್ಲು ಹಳದಿಗೆ ತಿರುಗಿದೆ. ಒಂದೇ ಗುಡ್ಡ, ಎರಡು ಬಣ್ಣ. ಗಾಳಿ ಬಂದಾಗ ಹುಲ್ಲಿನ ತೆನೆ ಎಲ್ಲಾ ಒಂದೇ ಕಡೆ ಬಾಗಿ, ಮತ್ತೆ ಏಳುತ್ತದೆ. ಮುಂಗಾರಿನಲ್ಲಿ ಪಶ್ಚಿಮದಿಂದ ಬೀಸುತ್ತಿದ್ದ ಗಾಳಿ ಈಗ ಮೂಡಣದಿಂದ ಬರುತ್ತಿದೆ. ತಣ್ಣಗಿದೆ, ಆದರೆ ಒಣ ಗಾಳಿ. ತುಟಿ ಬೇಗ ಒಡೆಯುತ್ತದೆ, ಬಾಯಾರಿಕೆ ಮಾತ್ರ ತಡವಾಗಿ ಗೊತ್ತಾಗುತ್ತದೆ.

ನಮ್ಮ ಕಡೆ ಎಲೆ ಬಣ್ಣ ಬದಲಾಗಲ್ಲ ಅನ್ನುವವರು ದಿಂಡಿಗದ ಮರ ನೋಡಬೇಕು. ಚಳಿ ಶುರುವಾಗುತ್ತಿದ್ದ ಹಾಗೆ ಅದರ ಎಲೆ ಅಂಚಿನಿಂದ ಕೆಂಪಾಗುತ್ತಾ ಬರುತ್ತದೆ. ಒಂದು ತಿರುವಿನಲ್ಲಿ ಒಂದು ಮರ ನಿಂತಿತ್ತು. ಒಂದೇ ಕೊಂಬೆಯಲ್ಲಿ ಹಸಿರು ಎಲೆ, ಕೆಂಪು ಎಲೆ, ತುಕ್ಕಿನ ಬಣ್ಣದ ಎಲೆ, ಮೂರೂ ಇದ್ದವು. ಗಾಡಿಯಲ್ಲಿ ಹೋಗಿದ್ದರೆ ಆ ತಿರುವಿನಲ್ಲಿ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದೆವು.

ಇನ್ನೊಂದು ಸಂಗತಿ. ಮೇಲೆ ಹೋದಂತೆ ಕಲ್ಲೇ ಬೇರೆ. ಕೋಟೆಯ ಕಡೆ ಎಲ್ಲಾ ಉರುಟು ಬಂಡೆ, ಬೂದು ಬಣ್ಣದ ಗ್ರಾನೈಟ್. ಜೋಗಿಮಟ್ಟಿ ಕಡೆ ಪದರ ಪದರವಾಗಿ ಸಿಗಿಯುವ ಕಪ್ಪು, ಹಸಿರು ಛಾಯೆಯ ಕಲ್ಲು. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿದ ಹಾಗಿರುವ ಲಾವಾ ಕಲ್ಲುಗಳಿವೆ ಅಲ್ವಾ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದೂ ಇದೇ ಕಲ್ಲಿನ ಪಟ್ಟೆಗೆ ಸೇರಿದ್ದು. 250 ಕೋಟಿ ವರ್ಷದಷ್ಟು ಹಿಂದೆ ನೀರಿನ ಅಡಿಯಲ್ಲಿ ಉಕ್ಕಿ ಬಂದ ಲಾವಾ. ನಾವು ನಡೆಯುವ ಗುಡ್ಡದ ಕಲ್ಲಿನ ವಯಸ್ಸು ಅಷ್ಟು.

ತುದಿಯಲ್ಲಿ ಕೂತು ರೊಟ್ಟಿ ತಿಂದೆವು. ಸುತ್ತಲೂ ಗಾಳಿಯಂತ್ರಗಳು. ಪೇಟೆ ಒಂದು ಕಡೆ, ಕೋಟೆಯ ಬಂಡೆಗಳು ಅದರ ಪಕ್ಕ. ನಿಮ್ಮಲ್ಲಿ ಯಾರಾದರೂ ಹೋಗುವವರಿದ್ದರೆ ಏನು ಬೇಕೋ ಕೇಳಿ. ಗೊತ್ತಿದ್ದಷ್ಟು ಹೇಳುತ್ತೇನೆ.

ಬೆಣ್ಣೆನಗರಿ

ಅಣ್ಣಾ, ಓದಿ ಈಗಲೇ ಹೊರಡೋಣ ಅನ್ನಿಸಿತು. ನಾನು ದಾವಣಗೆರೆಯವಳು. ಮನೆಯಲ್ಲಿ ನಾನು, ನನ್ನ ತಂಗಿ, ಅಮ್ಮ ಮೂವರೂ ಬರುತ್ತೇವೆ ಅನ್ನುತ್ತಿದ್ದೇವೆ. ಅಮ್ಮನಿಗೆ 58 ವರ್ಷ. ದಿನಾ ಬೆಳಗ್ಗೆ ವಾಕಿಂಗ್ ಮಾಡುತ್ತಾರೆ. ಕೊಂಡಜ್ಜಿ ಗುಡ್ಡ ಹತ್ತಿ ಅಭ್ಯಾಸ ಇದೆ, ಆದರೆ 20 ಕಿಲೋಮೀಟರ್ ಒಂದೇ ದಿನ ನಡೆದಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೆ? ಎಷ್ಟು ಗಂಟೆಗೆ ಹೊರಟರೆ ಕತ್ತಲಾಗೋ ಮುಂಚೆ ಇಳಿಯಬಹುದು?

ಚಳ್ಳಕೆರೆ ಮೇಷ್ಟ್ರು

ತಂಗೀ, ಇದಕ್ಕೆ ಒಂದು ಹಳೆಯ ಲೆಕ್ಕ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಬೆಟ್ಟ ಹತ್ತುವವರು ಕೊಟ್ಟದ್ದು. ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ಹಿಡಿಯಿರಿ. ಏರು ಇದ್ದರೆ ಪ್ರತಿ 600 ಮೀಟರಿಗೆ ಒಂದು ಗಂಟೆ ಸೇರಿಸಿ.

ನಮ್ಮ ದಾರಿಗೆ ಹಾಕಿ ನೋಡೋಣ. ಚಿತ್ರದುರ್ಗ ಪೇಟೆ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಜೋಗಿಮಟ್ಟಿ 3,803 ಅಡಿ, ಅಂದರೆ 1,160 ಮೀಟರಿಗೆ ಹತ್ತಿರ. ಏರು 430 ಮೀಟರ್. ಹತ್ತು ಕಿಲೋಮೀಟರಿಗೆ ಎರಡು ಗಂಟೆ, ಏರಿಗೆ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಒಟ್ಟು ಎರಡೂಮುಕ್ಕಾಲು ಗಂಟೆ.

ಆದರೆ ಇದು ಚಳಿ ದೇಶದ, ನಿಲ್ಲದೆ ನಡೆಯುವ ಗಟ್ಟಿ ಆಳಿನ ಲೆಕ್ಕ. ನಮ್ಮ ಬಿಸಿಲಿಗೆ, ಹೊಸಬರಿಗೆ, ಅಮ್ಮನಂಥವರಿಗೆ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಹತ್ತೋಕೆ ನಾಲ್ಕು ಗಂಟೆ, ಇಳಿಯೋಕೆ ಮೂರು. ಮೇಲೆ ಊಟಕ್ಕೆ, ಕೂರೋಕೆ ಒಂದೂವರೆ ಗಂಟೆ. ಒಟ್ಟು ಎಂಟೂವರೆ ಗಂಟೆಯ ದಿನ.

ಈಗ ಸೂರ್ಯ ಹುಟ್ಟುವುದು ಆರೂಕಾಲು ದಾಟಿದ ಮೇಲೆ. ಸಂಜೆ ಆರಕ್ಕೆ ಮೊದಲೇ ಮುಳುಗುತ್ತಾನೆ. ಗುಡ್ಡದ ಮಡಿಕೆಯಲ್ಲಿ ಅದಕ್ಕಿಂತ ಅರ್ಧ ಗಂಟೆ ಮೊದಲೇ ಮಬ್ಬು. ಹಾಗಾಗಿ ಬೆಳಗ್ಗೆ ಆರೂವರೆಗೆ ಹೆಜ್ಜೆ ಹಾಕಿ. ಮಧ್ಯಾಹ್ನ ಹನ್ನೆರಡೂವರೆ ಆಯಿತು ಅಂದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ತುದಿ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿ. ಈ ಗಂಟೆಯನ್ನು ಮನೆಯಲ್ಲೇ ಕೂತು ಗೊತ್ತು ಮಾಡಬೇಕು. ಬೆಟ್ಟದ ಮೇಲೆ ನಿಂತು ಗೊತ್ತು ಮಾಡಿದರೆ ಯಾರೂ ತಿರುಗಲ್ಲ.

ಅಂದಹಾಗೆ, ಅದೇ 1892ರಲ್ಲಿ ಬಿ.ಎಲ್. ರೈಸ್ ಅವರು ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಪತ್ತೆ ಹಚ್ಚಿದ್ದು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಅದೂ ನಡೆಯುವ ದಾರಿಯೇ.

ದುರ್ಗದ ದಾರಿ

ಮೇಷ್ಟ್ರೇ, ತುಂಬಾ ಉಪಯೋಗ ಆಯಿತು. ನಮಗೂ ಹೆಚ್ಚುಕಮ್ಮಿ ಇಷ್ಟೇ ಹೊತ್ತು ಹಿಡಿಯಿತು. ಕಡೆಯ ಏರು ಕಾಲನ್ನು ಕೇಳುತ್ತದೆ, ಅಲ್ಲಿಗೆ ಉಸಿರು ಉಳಿಸಿಕೊಂಡಿರಬೇಕು.

ಅಕ್ಕಾ, ಅಮ್ಮ ಬರಲಿ. ಒಂದು ಮಾತು. ಅಮ್ಮನನ್ನು ಎಲ್ಲರಿಗಿಂತ ಮುಂದೆ ಬಿಡಿ. ಅವರ ಹೆಜ್ಜೆಗೆ ಉಳಿದವರು ಹೆಜ್ಜೆ ಹಾಕಲಿ. ಹಿಂದೆ ಬಿಟ್ಟರೆ ಅವರು ಮುಟ್ಟಿಸಿಕೊಳ್ಳೋಕೆ ಅಂತ ಬೇಗ ಬೇಗ ನಡೆಯುತ್ತಾರೆ. ಅವರು ಬಂದು ಸೇರುವ ಹೊತ್ತಿಗೆ ಮುಂದಿನವರು ದಣಿವಾರಿಸಿಕೊಂಡು ಎದ್ದಿರುತ್ತಾರೆ. ಅವರಿಗೆ ಕೂರೋಕೇ ಆಗಲ್ಲ.

ಬೆಣ್ಣೆನಗರಿ

ಇದನ್ನು ನೀವು ಹೇಳಿದ್ದು ಒಳ್ಳೇದಾಯ್ತು. ಹೋದ ವರ್ಷ ಒಂದು ಟ್ರೆಕಿಂಗ್ ಗುಂಪಿಗೆ ದುಡ್ಡು ಕಟ್ಟಿ ಬೇರೆ ಜಿಲ್ಲೆಯ ಬೆಟ್ಟಕ್ಕೆ ಹೋಗಿದ್ದೆವು. ಒಂದು ಬಸ್ಸಿನ ತುಂಬಾ ಜನ, ದಾರಿ ತೋರಿಸುವವನು ಒಬ್ಬನೇ. ಅವನು ಮುಂದೆ ಓಡುವವರ ಜೊತೆ ಹೋಗಿಬಿಟ್ಟ. ತಂಗಿಗೆ ಕಾಲು ಹಿಡಿದುಕೊಂಡಿತು. ಎರಡು ದಾರಿ ಕೂಡುವ ಕಡೆ ನಾವಿಬ್ಬರೇ ನಿಂತಿದ್ದೆವು. ಫೋನ್ ಸಿಗ್ನಲ್ ಇಲ್ಲ. ಕೊನೆಗೆ ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ದಾರಿ ತೋರಿಸಿದರು. ಗುಂಪಿನವರನ್ನು ಕೇಳಿದರೆ, ನೀವು ಫಿಟ್ ಇರಬೇಕಿತ್ತು ಅಂದರು. ನನಗೆ ಇವತ್ತಿಗೂ ಸಿಟ್ಟಿದೆ. ದುಡ್ಡು ತಗೊಂಡವರು ಕಡೆಯವರನ್ನು ಎಣಿಸಬೇಕಾಗಿತ್ತು.

ಹೊಸದುರ್ಗ ತೆಂಗು

ತಪ್ಪು ಪೂರ್ತಿ ಅವರದೇ. ಗುಂಪು ಅಂದಮೇಲೆ ಮುಂದೆ ಒಬ್ಬ, ಕಟ್ಟಕಡೆಗೆ ಒಬ್ಬ ಇರಲೇಬೇಕು. ಕಡೆಯವನ ಹಿಂದೆ ಯಾರೂ ಉಳಿಯಬಾರದು. ದಾರಿ ಕವಲಾಗುವ ಕಡೆಯಲ್ಲೆಲ್ಲ ನಿಂತು ಎಲ್ಲರೂ ಬಂದರಾ ಅಂತ ನೋಡಿ ಮುಂದೆ ಹೋಗಬೇಕು. ಇಷ್ಟಕ್ಕೆ ದುಡ್ಡೇನೂ ಖರ್ಚಾಗಲ್ಲ.

ಗಾಳಿಗುಡ್ಡ

ಅಣ್ಣಾ ನಾವು ಹುಡುಗರು ಆರು ಜನ ಇದೀವಿ. ರಾತ್ರಿ ಮೂರಕ್ಕೆ ಹೊರಟು ಮೇಲೆ ಸೂರ್ಯೋದಯ ನೋಡೋ ಪ್ಲಾನ್. ಮೇಲೆ ಚಳಿ ಇರುತ್ತೆ, ಸ್ವಲ್ಪ ಬೆಂಕಿ ಹಾಕ್ಕೊಂಡು ಮ್ಯಾಗಿ ಮಾಡ್ಕೊಂಡ್ರೆ ಸೂಪರ್ ಆಗಿರುತ್ತೆ. ಇದು ಆಗುತ್ತಾ?

ಕಾಡಂಚಿನ ರೈತ

ತಮ್ಮಾ, ಆಗಲ್ಲ. ಎರಡೂ ಆಗಲ್ಲ.

ನಮ್ಮ ಹೊಲ ಆ ಗುಡ್ಡದ ಬುಡದಲ್ಲೇ ಇದೆ. ರಾತ್ರಿ ಮೂರು ಗಂಟೆ ಅಂದರೆ ಕರಡಿ ಓಡಾಡೋ ಹೊತ್ತು. ಈ ತಿಂಗಳಲ್ಲಿ ಇನ್ನೂ ಜಾಸ್ತಿ. ಸೀತಾಫಲ ಹಣ್ಣಾಗಿದೆ. ಮಳೆ ಬಿದ್ದು ಹುತ್ತದ ಮಣ್ಣು ಮೆತ್ತಗಾಗಿದೆ, ಗೆದ್ದಲು ತಿನ್ನೋಕೆ ಉಗುರು ಹಾಕಿ ಕೆರೆಯುತ್ತದೆ. ದಾರಿ ಪಕ್ಕ ಹುತ್ತ ಒಡೆದು, ಹೊಸ ಮಣ್ಣು ಚೆಲ್ಲಾಡಿದ್ದು ಕಂಡರೆ ಅದು ಕರಡಿಯ ಕೆಲಸ ಅಂತ ತಿಳಿಯಿರಿ.

ಕರಡಿಗೆ ಕಣ್ಣು ಮಂದ. ಮೂಗು ಚುರುಕು. ನಾವು ಸದ್ದಿಲ್ಲದೆ ಹೋಗಿ ತಿರುವಿನಲ್ಲಿ ಎದುರಾದರೆ ಗಾಬರಿಯಾಗಿ ಮೇಲೆ ಬೀಳುತ್ತದೆ. ಮುಖಕ್ಕೇ ಕೈ ಹಾಕುತ್ತದೆ. ಅದಕ್ಕೆ ಬೇಕಂತ ಬರುವುದಲ್ಲ, ಹೆದರಿಕೆಗೆ ಬರುವುದು. ಹಗಲಲ್ಲಿ ಮಾತಾಡುತ್ತಾ ನಡೆದರೆ ಅದೇ ದೂರ ಸರಿಯುತ್ತದೆ. ನಾವು ಹೊಲಕ್ಕೆ ಹೋಗುವಾಗಲೂ ಸುಮ್ನೆ ಹೋಗಲ್ಲ, ಕೆಮ್ಮುತ್ತಾ, ಕರೆಯುತ್ತಾ ಹೋಗುತ್ತೇವೆ. ಹಗಲು ಕರಡಿ ಬಂಡೆ ಸಂದಿನಲ್ಲಿ ಮಲಗಿರುತ್ತದೆ. ಫೋಟೊ ತೆಗೆಯೋಕೆ ಅಂತ ಗವಿಯೊಳಗೆ ತಲೆ ಹಾಕಬೇಡಿ. ಚಿರತೆಯೂ ಇದೆ, ಆದರೆ ಅದು ನಿಮ್ಮ ಕಣ್ಣಿಗೆ ಬೀಳೋದು ಅಪರೂಪ.

ಬೆಂಕಿ ಮಾತು ಎತ್ತಲೇ ಬೇಡಿ. ಈಗ ಹುಲ್ಲು ಮೇಲೆ ಹಸಿ ಕಾಣುತ್ತದೆ, ಬುಡದಲ್ಲಿ ಹೋದ ವರ್ಷದ್ದು ಒಣಗಿ ಬಿದ್ದಿರುತ್ತದೆ. ಆ ಗಾಳಿಗೆ ಒಂದು ಕಿಡಿ ಹಾರಿದರೆ ಆರಿಸೋಕೆ ಬರೋದು ನಮ್ಮೂರವರು ಮತ್ತೆ ಫಾರೆಸ್ಟಿನವರು, ಕೈಯಲ್ಲಿ ಸೊಪ್ಪಿನ ಕೊಂಬೆ ಹಿಡಿದುಕೊಂಡು.

ದುರ್ಗದ ದಾರಿ

ಅಣ್ಣ ಹೇಳಿದ್ದಕ್ಕೆ ಸೇರಿಸುವುದು ಒಂದೇ. ಜೋಗಿಮಟ್ಟಿ 2015ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಧಾಮದೊಳಗೆ ಬೆಂಕಿ ಹಾಕುವ ಹಾಗಿಲ್ಲ, ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗೂ ಇಲ್ಲ. ರಾತ್ರಿ ಯಾರೂ ಒಳಗೆ ಬಿಡಲ್ಲ. ಸೂರ್ಯೋದಯ ನೋಡಲೇಬೇಕು ಅಂದರೆ ಪೇಟೆಯಿಂದ ಹೊರಡುವಾಗಲೇ ಸಿಗುತ್ತದೆ ತಮ್ಮಾ. ಕೋಟೆಯ ಬಂಡೆಗಳ ಮೇಲೆ ಮೊದಲ ಬಿಸಿಲು ಬೀಳೋದು ನೋಡಿದ್ದೀಯಾ? ಅದಕ್ಕಾಗಿ ಮೂರು ಗಂಟೆಗೆ ಏಳಬೇಕಾಗಿಲ್ಲ.

ಗಾಳಿಗುಡ್ಡ

ಸರಿ ಅಣ್ಣಾ. ಕರಡಿ ವಿಷಯ ಇಷ್ಟು ಗೊತ್ತಿರಲಿಲ್ಲ. ಹಗಲಲ್ಲೇ ಬರ್ತೀವಿ. ಊಟಕ್ಕೆ ಏನು ತಗೊಂಡು ಹೋಗ್ಬೇಕು? ದಾವಣಗೆರೆ ಫ್ರೆಂಡ್ಸು ಮಂಡಕ್ಕಿ ಮೆಣಸಿನಕಾಯಿ ಸಾಕು ಅಂತಿದಾರೆ.

ಹಿರಿಯೂರು ಅಕ್ಕ

ಮಂಡಕ್ಕಿ ಸಂಜೆ ಬಂದು ತಿನ್ನಿ. ನಡೆಯೋಕೆ ಅದು ಆಗಿಬರಲ್ಲ. ಹೊಟ್ಟೆ ತುಂಬಿದ ಹಾಗೆ ಅನ್ನಿಸಿ ಒಂದು ಗಂಟೆಗೆ ಮತ್ತೆ ಹಸಿವು. ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಿಸಿಲಿಗೆ ಎದೆ ಉರಿ ತರಿಸುತ್ತದೆ.

ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಇದು ಸಂಜೆಯವರೆಗೂ ಕೆಡಲ್ಲ. ಈಗ ಹೊಲದಲ್ಲಿ ಹಸಿ ಕಡ್ಲೆಕಾಯಿ ಕಿತ್ತು ಮಾರುತ್ತಿದ್ದಾರೆ, ಉಪ್ಪು ಹಾಕಿ ಬೇಯಿಸಿ ಚೀಲದಲ್ಲಿ ಹಾಕಿಕೊಂಡರೆ ದಾರಿಯುದ್ದಕ್ಕೂ ತಿನ್ನಬಹುದು. ಬೆವರಿಗೆ ಉಪ್ಪೂ ಸಿಗುತ್ತದೆ, ಶಕ್ತಿಯೂ ಸಿಗುತ್ತದೆ. ಸಿಪ್ಪೆ ಮಾತ್ರ ಚೀಲಕ್ಕೇ ವಾಪಸ್. ಮೊಸರನ್ನ ಬೇಕಾದರೆ ಹಾಲು ಜಾಸ್ತಿ ಹಾಕಿ, ಹೆಪ್ಪು ಕಡಿಮೆ ಹಾಕಿ ಕಲಸಿ. ಮಧ್ಯಾಹ್ನಕ್ಕೆ ಸರಿಯಾಗಿ ಹದಕ್ಕೆ ಬಂದಿರುತ್ತದೆ.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ. ಎಂಟು ಗಂಟೆಗೆ ನಾಲ್ಕು ಲೀಟರ್. ಭಾರ ಅಂತ ಕಡಿಮೆ ಮಾಡಬೇಡಿ. ಕುಡಿದ ಹಾಗೆ ಭಾರ ತಾನೇ ಇಳಿಯುತ್ತದೆ. ಝರಿ ಇದೆ ಅಂತ ನಂಬಿಕೊಂಡು ಬರಬೇಡಿ, ಮಳೆ ನಿಂತ ಮೇಲೆ ನಮ್ಮ ಗುಡ್ಡಗಳಲ್ಲಿ ನೀರು ಎಷ್ಟು ದಿನ ಇರುತ್ತದೆ ಅಂತ ಹೇಳೋಕಾಗಲ್ಲ. ಹಿಮವತ್ಕೇದಾರದ ಝರಿಯಲ್ಲಿ ನೀರು ಬಿದ್ದರೂ ಅದು ನೋಡೋಕೆ, ಕೈ ಮುಗಿಯೋಕೆ. ಕುಡಿಯೋಕೆ ನಿಮ್ಮದೇ ಇರಲಿ.

ಹೊಸದುರ್ಗ ತೆಂಗು

ಅಕ್ಕಾ, ಸೀತಾಫಲ ಬಿಟ್ಟಿರಿ! ಈ ಕಾಲಕ್ಕೆ ಗುಡ್ಡದ ಸೀತಾಫಲಕ್ಕಿಂತ ಬೇರೆ ಊಟ ಬೇಕಾ? ನಾವು ಹೋದಾಗಲೆಲ್ಲ ಒಂದು ಚೀಲ ತುಂಬಿಕೊಂಡೇ ಬರೋದು. ತೋಟದ ಹಣ್ಣಿಗೆ ಆ ರುಚಿ ಬರಲ್ಲ.

ಹಿರಿಯೂರು ಅಕ್ಕ

ರುಚಿ ವಿಷಯದಲ್ಲಿ ನನ್ನದೂ ಅದೇ ಮಾತು. ಕಾಯಿಯ ಮೇಲಿನ ಕಣ್ಣುಗಳ ನಡುವೆ ಗೆರೆ ಅಗಲವಾಗಿ ಬಿಳಿ, ತಿಳಿ ಹಳದಿ ಆಯಿತು ಅಂದರೆ ಬಲಿತಿದೆ ಅಂತ. ಆಮೇಲೆ ಒಂದೆರಡು ದಿನ ಹುಲ್ಲಿನಲ್ಲಿ ಮುಚ್ಚಿಟ್ಟರೆ ಬೆರಳು ಒತ್ತಿದರೆ ಬಿರಿಯುತ್ತದೆ. ಆ ಗೆರೆ ಬಿಡದ ಕಾಯಿ ಕಿತ್ತರೆ ಕಪ್ಪಾಗಿ ಕಲ್ಲಾಗುತ್ತದೆ, ಹಣ್ಣಾಗಲ್ಲ. ಪ್ರವಾಸಕ್ಕೆ ಬರುವವರು ಕೀಳೋದು ಹೆಚ್ಚು ಅಂಥದ್ದೇ. ಕಿತ್ತು, ಎರಡು ದಿನ ಇಟ್ಟು, ಬಿಸಾಕುತ್ತಾರೆ.

ಧಾಮದೊಳಗೆ ಏನನ್ನೂ ಕೀಳಬಾರದು, ಕಾಯ್ದೆ ಇದೆ. ಅದು ಬಿಡಿ, ನಿಮ್ಮ ಒಂದು ಚೀಲ ಕರಡಿಯ ಒಂದು ಹೊತ್ತಿನ ಊಟ. ಅಲ್ಲಿ ಸಿಗದಿದ್ದರೆ ಅದು ಕಾಡಂಚಿನ ಅಣ್ಣನ ಹೊಲಕ್ಕೆ ಇಳಿಯುತ್ತದೆ. ಕೆಳಗೆ ರಸ್ತೆ ಪಕ್ಕ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಅವರ ಹತ್ತಿರ ತಗೊಳ್ಳಿ. ಚೌಕಾಸಿ ಮಾಡಬೇಡಿ.

ಕಾಡಂಚಿನ ರೈತ

ಅಕ್ಕ ಸರಿಯಾಗಿ ಹೇಳಿದರು. ಹೋದ ವರ್ಷ ಶೇಂಗಾ ಸಾಲು ಕೆದರಿ ಹಾಕಿತ್ತು. ಅದು ಹಂದಿ ಕೆಲಸ ಅನ್ನಿ, ಆದರೆ ಕರಡಿಯೂ ಬದುವಿನವರೆಗೆ ಬಂದಿತ್ತು, ಹೆಜ್ಜೆ ಕಂಡೆವು.

ಹೊಸದುರ್ಗ ತೆಂಗು

ಒಪ್ಪಿದೆ ಅಕ್ಕಾ. ಇನ್ನು ಮೇಲೆ ಬುಟ್ಟಿಯಿಂದಲೇ.

ಫಿಸಿಯೋ ದಾವಣಗೆರೆ

ಎಲ್ಲರೂ ಹತ್ತೋದರ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಹತ್ತಿರ ಬರುವವರು ಇಳಿದು ಬಂದವರು.

ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು. ದೇಹದ ಭಾರಕ್ಕೆ ಬ್ರೇಕ್ ಹಾಕುವ ಕೆಲಸ ಅದು. ಅಭ್ಯಾಸ ಇಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಅದರ ನೋವು ಆ ದಿನ ಗೊತ್ತಾಗಲ್ಲ. ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಭಯ ಬೇಡ, ಅದು ತಾನೇ ಹೋಗುತ್ತದೆ. ಮಂಡಿ ಊದಿಕೊಂಡರೆ ಮಾತ್ರ ತೋರಿಸಿ.

ಅಮ್ಮನನ್ನು ಕರೆತರುವ ಅಕ್ಕನಿಗೆ: ಎರಡು ಮೂರು ವಾರ ಮೊದಲಿಂದ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿಸಿ. ಲಿಫ್ಟಲ್ಲಿ ಹತ್ತಿ, ನಡೆದು ಇಳಿದರೂ ಸರಿ. ಸ್ನಾಯು ಈ ಕೆಲಸವನ್ನು ಬೇಗ ಕಲಿಯುತ್ತದೆ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಒಂದು ಗಟ್ಟಿ ಕೋಲು ಕೈಯಲ್ಲಿರಲಿ, ಅರ್ಧ ಭಯ ಅದೇ ತೆಗೆಯುತ್ತದೆ.

ಶೂ ಹೊಸದು ಬೇಡ. ಕಾಲುಗುರು ಹಿಂದಿನ ದಿನ ಕತ್ತರಿಸಿ. ಇಳಿಯೋಕೆ ಶುರು ಮಾಡುವ ಮುಂಚೆ ಕೂತು ಲೇಸು ಬಿಚ್ಚಿ, ಹಿಮ್ಮಡಿಯನ್ನು ಶೂವಿನ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಹತ್ತು ಕಿಲೋಮೀಟರೂ ಬೆರಳು ಮುಂದಕ್ಕೆ ಹೊಡೆದು ಉಗುರು ಕಪ್ಪಾಗುತ್ತದೆ.

ಬೆಣ್ಣೆನಗರಿ

ಸರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಅಮ್ಮನಿಗೆ ಎರಡು ವಾರ ಅಭ್ಯಾಸ ಮಾಡಿಸಿಯೇ ಬರುತ್ತೇವೆ. ಕಾರ್ತಿಕ ಮುಗಿಯೋದರೊಳಗೆ ಆಗುತ್ತದೆ ಅಲ್ವಾ?

ದುರ್ಗದ ದಾರಿ

ಆಗುತ್ತದೆ ಅಕ್ಕಾ. ಎರಡು ವಾರಕ್ಕೆ ಹುಲ್ಲು ಇನ್ನಷ್ಟು ಬಂಗಾರದ ಬಣ್ಣಕ್ಕೆ ಬಂದಿರುತ್ತದೆ. ಉದ್ದ ಕಾಲಿನ ಪ್ಯಾಂಟು ಹಾಕಿ. ಉತ್ತರಾಣಿ ಕಡ್ಡಿ ಒಣಗಿದೆ, ತಾಗಿದರೆ ಸಾಕು, ಬೀಜ ಸಾಲಾಗಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಕಾಲುಚೀಲದೊಳಗೆ ಹುಲ್ಲಿನ ಊಬು ಹೊಕ್ಕರೆ ನಡೆದಷ್ಟೂ ಒಳಗೆ ಹೋಗುತ್ತದೆ. ಚುಚ್ಚಿದ ತಕ್ಷಣ ನಿಂತು ತೆಗೆಯಿರಿ, ಆಮೇಲೆ ಅನ್ನಬೇಡಿ. ಹುಲ್ಲಿನ ನಡುವೆ ಕಾಲುದಾರಿ ಬಿಟ್ಟು ಇಳಿಯಬೇಡಿ. ಮಂಡಲದ ಹಾವು ಒಣ ಎಲೆಯ ಬಣ್ಣದಲ್ಲೇ ಇರುತ್ತದೆ. ಕಚ್ಚಿದರೆ ಕಟ್ಟು ಕಟ್ಟೋದು, ಕೊಯ್ಯೋದು ಏನೂ ಮಾಡದೆ, ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಬೇಕು. ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಹತ್ತುವಾಗಲೇ ನೋಡಿಟ್ಟುಕೊಳ್ಳಿ.

ಕಾಡಂಚಿನ ರೈತ

ಇನ್ನೊಂದು ಬಿಟ್ಟುಹೋಯ್ತು. ಹೆಜ್ಜೇನು. ದೊಡ್ಡ ಬಂಡೆಯ ಮೇಲ್ಚಾಚಿನ ಕೆಳಗೆ ಕಪ್ಪಗೆ ನೇತಾಡುತ್ತಿದ್ದರೆ ಅದೇ. ಕೋಟೆಯ ಕಡೆಗೂ ಈ ಮಾತು. ಕಲ್ಲು ಎಸೆಯಬೇಡಿ, ಸಿಗರೇಟು ಬೇಡ, ಘಮಘಮ ಸೆಂಟು ಹಾಕಿಕೊಂಡು ಬರಬೇಡಿ. ಎದ್ದರೆ ಕೈ ಬೀಸುತ್ತಾ ನಿಲ್ಲಬೇಡಿ, ಮುಖ ಮುಚ್ಚಿಕೊಂಡು ಆದಷ್ಟು ದೂರ ಓಡಿ. ಹೆಜ್ಜೇನು ಬಲು ದೂರ ಅಟ್ಟಿಸಿಕೊಂಡು ಬರುತ್ತದೆ.

ಚಳ್ಳಕೆರೆ ಮೇಷ್ಟ್ರು

ಹೇಳಿದ್ದೆನಲ್ಲ, ಬ್ರಹ್ಮಗಿರಿ ವಿಷಯ. ಜೋಗಿಮಟ್ಟಿಗೆ ಅನುಮತಿ ಸಿಗದೇ ಹೋದರೆ, ಅಥವಾ ಮುಂದಿನ ತಿಂಗಳು ಇನ್ನೊಂದು ನಡಿಗೆ ಬೇಕು ಅನ್ನಿಸಿದರೆ ಮೊಳಕಾಲ್ಮುರು ಕಡೆ ಬನ್ನಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಮೂರು ಕಡೆಯೂ ಅಶೋಕನ ಸಣ್ಣ ಶಿಲಾಶಾಸನಗಳಿವೆ. ಮೂರೂ ಕೆಲವೇ ಕಿಲೋಮೀಟರ್ ಒಳಗೆ. ಒಂದು ದಿನದಲ್ಲಿ ನಡೆದೇ ಮೂರನ್ನೂ ನೋಡಬಹುದು.

ಸಿಪಾಯಿಯೋ, ಅಧಿಕಾರಿಯೋ, ರಾಜನ ಆಜ್ಞೆ ಹೊತ್ತು ಬಂದವನು ಆವತ್ತು ನಡೆದೇ ಬಂದಿರಬೇಕು. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ ಬಂಡೆಯ ಮೇಲೆ ಬರೆಸಿದ್ದಾರೆ. 2,200 ವರ್ಷದ ಮೇಲಾಯಿತು. ಅಲ್ಲಿ ಮರ ಕಡಿಮೆ, ಬರೀ ಬಂಡೆ, ಜಾಲಿ, ಕಳ್ಳಿ. ಹತ್ತು ಗಂಟೆಗೇ ಬಂಡೆ ಕಾಯುತ್ತದೆ. ಅದಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು.

ಪೂರ್ತಿ ನಡೆಯಲಾಗದವರಿಗೆ ದುರ್ಗದ ಪೇಟೆ ಪಕ್ಕದಲ್ಲೇ ಚಂದ್ರವಳ್ಳಿ ಇದೆ. ಕೆರೆಯ ಪಕ್ಕ ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, 4ನೇ ಶತಮಾನದ್ದು, ಕೆರೆಯ ವಿಷಯವೇ ಬರೆದಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೂ ಇಲ್ಲೂ ಅಗೆಸಿದ್ದರು. ಇಲ್ಲಿ ರೋಮನ್ ನಾಣ್ಯ ಸಿಕ್ಕಿವೆ. ನಮ್ಮ ಒಣ ಗುಡ್ಡದ ಬುಡಕ್ಕೆ ಸಮುದ್ರದಾಚೆಯ ದುಡ್ಡು ಬಂದಿತ್ತು ಅಂದರೆ, ಆ ದಾರಿಯಲ್ಲಿ ಎಷ್ಟು ಜನ ನಡೆದಿರಬೇಕು!

ಗಾಳಿಗುಡ್ಡ

ಮೇಷ್ಟ್ರೇ, ಚಂದ್ರವಳ್ಳಿಗೆ ಎಷ್ಟು ಸಲ ಹೋಗಿದ್ದೀನಿ, ಆ ಶಾಸನ ನೋಡೇ ಇಲ್ಲ. ಈ ಸಲ ನೋಡ್ತೀನಿ.

ಹಿರಿಯೂರು ಅಕ್ಕ

ನಮ್ಮೂರನ್ನು ಯಾರೂ ಹೇಳಲಿಲ್ಲ! ಮಾರಿಕಣಿವೆ ಸುತ್ತಿನ ಗುಡ್ಡಗಳೂ ಈ ಸಮಯಕ್ಕೆ ಚೆಂದ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲೇ. 89 ವರ್ಷ. ಅವತ್ತು ನಮ್ಮ ಮನೆಯಲ್ಲಿ ಅಜ್ಜಿಯಿಂದ ಮಕ್ಕಳವರೆಗೆ ಎಲ್ಲರೂ ನೋಡೋಕೆ ಹೋಗಿದ್ದೆವು. ವೇದಾವತಿ ನೀರು ಕೋಡಿ ಮೇಲೆ ಹರಿಯೋದನ್ನು ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡವರನ್ನು ಕಂಡೆ. ಬರ ನೋಡಿದವರಿಗೆ ಮಾತ್ರ ಅದು ಅರ್ಥ ಆಗುತ್ತದೆ.

ಹೊಸದುರ್ಗ ತೆಂಗು

ಅಕ್ಕಾ, ಆ ದಿನ ನಾನೂ ಅಲ್ಲಿದ್ದೆ. ಜನವೋ ಜನ.

ಸರಿ, ಈಗ ಕೆಲಸದ ಮಾತು. ಎರಡು ವಾರ ಬಿಟ್ಟು ಭಾನುವಾರ ಅಂತ ಗೊತ್ತು ಮಾಡೋಣವಾ? ಹಿಂದಿನ ದಿನ ಮಳೆ ಬಂದರೆ?

ದುರ್ಗದ ದಾರಿ

ಗೊತ್ತು ಮಾಡೋಣ. ಹಿಂದಿನ ದಿನ ಜೋರು ಮಳೆ ಬಂದರೆ ಒಂದು ವಾರ ಮುಂದಕ್ಕೆ. ಈ ತಿಂಗಳಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಎರಡು ಮೂರು ದಿನ ಜಡಿಮಳೆ ಹಿಡಿಯುತ್ತದೆ. ಒದ್ದೆ ಬಂಡೆ ಜಾರುತ್ತದೆ, ಗುಡುಗು ಸಿಡಿಲು ಇದ್ದರೆ ಬೋಳು ತುದಿಯಲ್ಲಿ ನಿಲ್ಲೋ ಹಾಗೇ ಇಲ್ಲ. ಶುಕ್ರವಾರ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಇಲ್ಲೇ ಬರೆಯುತ್ತೇನೆ.

ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಎರಡು ಗುಂಪು ಮಾಡೋಣ, ಬೇರೆ ಬೇರೆ ವಾರ ಹೋಗೋಣ. ಅನುಮತಿ ಕೇಳೋಕೆ ಎಲ್ಲರ ಹೆಸರು ಬೇಕಾಗಬಹುದು, ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಮುಂದೆ ಬೆಣ್ಣೆನಗರಿ ಅಕ್ಕನ ಅಮ್ಮ. ಕಟ್ಟಕಡೆಗೆ ನಾನು. ಸ್ಪೀಕರ್ ಯಾರೂ ತರಬೇಡಿ, ಮಾತಾಡಿಕೊಂಡು ಹೋದರೆ ಕರಡಿಗೆ ಅಷ್ಟೇ ಸಾಕು.

ಬೆಣ್ಣೆನಗರಿ

ಅಮ್ಮನಿಗೆ ಓದಿ ಹೇಳಿದೆ. ಮುಂದೆ ನಾನೇನಾ ಅಂತ ಎರಡು ಸಲ ಕೇಳಿದರು. ಇವತ್ತು ಸಂಜೆಯಿಂದಲೇ ಮೆಟ್ಟಿಲು ಶುರು. ನಾವು ದಾವಣಗೆರೆಯಿಂದ ಹಿಂದಿನ ರಾತ್ರಿಯೇ ಬಂದು ನಮ್ಮ ಸೋದರಮಾವನ ಮನೆಯಲ್ಲಿ ಇರುತ್ತೇವೆ.

ಕಾಡಂಚಿನ ರೈತ

ಇಳಿದು ಬರುವಾಗ ನಮ್ಮ ಹೊಲದ ಹತ್ತಿರ ಬನ್ನಿ, ಕಳದಲ್ಲಿ ಶೇಂಗಾ ಇರುತ್ತದೆ. ಮಜ್ಜಿಗೆ ಮಾಡಿಸಿಟ್ಟಿರುತ್ತೇನೆ. ಎಷ್ಟು ಜನ ಅಂತ ಶನಿವಾರ ಹೇಳಿ.

ಹಿರಿಯೂರು ಅಕ್ಕ

ಹಾಗಾದರೆ ಬೇಯಿಸಿದ ಕಡ್ಲೆಕಾಯಿ ನಾನು ತರಲ್ಲ, ಅಣ್ಣನ ಕಳದಲ್ಲೇ ತಿನ್ನೋಣ. ನನ್ನ ಕಡೆಯಿಂದ ರೊಟ್ಟಿ, ಚಟ್ನಿಪುಡಿ. ಖಾರ ಬೇಡ ಅನ್ನುವವರು ಈಗಲೇ ಹೇಳಿಬಿಡಿ.